ನಾಲ್ಕು ತಾಲೂಕು, ನಾಲ್ಕು ಆಟದ ಸಿನಿಮಾ

ಮೊಮ್ಮಗಳು ಮೊನ್ನೆ ಫೋನ್ ಹಿಡಿದುಕೊಂಡು ಬಂದು, "ಅಜ್ಜಾ, ಮನ್ಯಾಗ ಕೂತು ನೋಡಾಕ ಒಂದು ಚಲೋ ಆಟದ ಸಿನಿಮಾ ಹೇಳು" ಅಂದಳು. ಕೇಳಬಾರದವನನ್ನು ಕೇಳಿದಳು. ಮನೆಯೊಳಗೆ ಆಟದ ಸಿನಿಮಾ ಶುರುವಾಯಿತೆಂದರೆ ಏನಾದರೊಂದು ಎಡವಟ್ಟು ಆಗಲೇಬೇಕೆಂದು ನನ್ನ ಹಣೆಯಲ್ಲಿ ಬರೆದಿದೆ. ಎಪ್ಪತ್ತರ ದಶಕದಲ್ಲಿ ನಾನು ಹೊಟ್ಟೆ ಹೊರೆದದ್ದೇ ಆ ಎಡವಟ್ಟುಗಳ ಮೇಲೆ.

ಆಗ ನಾನು ಜಿಲ್ಲೆಯ ಒಂದು ಪ್ರಚಾರ ಕಚೇರಿಯಲ್ಲಿ ಹಂಗಾಮಿ ಆಪರೇಟರ್. ಒಂದು ಜೀಪು, ಒಬ್ಬ ವಯಸ್ಸಾದ ಡ್ರೈವರ್ ಕಾಕಾ, ಒಂದು ಸಿನಿಮಾ ಮಷೀನು, ತಗಡಿನ ಪೆಟ್ಟಿಗೆಯಲ್ಲಿ ನಾಲ್ಕು ಸಣ್ಣ ಸಿನಿಮಾ: ಈಜು, ಫುಟ್‌ಬಾಲ್, ಓಟ, ಕುಸ್ತಿ. ಎಲ್ಲವೂ ಪರದೇಶದ್ದು, ಮಾತೆಲ್ಲ ಇಂಗ್ಲಿಷು. ಜನರಿಗೆ ಆಟದ ಹುಚ್ಚು ಹಿಡಿಸಬೇಕೆಂದು ಸರಕಾರದ ಆಸೆ. ಕರೆಂಟು ಎಲ್ಲ ಮನೆಗೂ ಬಂದಿರಲಿಲ್ಲ, ಆದ್ದರಿಂದ ಊರಲ್ಲಿ ಕರೆಂಟಿದ್ದ ದೊಡ್ಡ ಮನೆ ಹುಡುಕಿ, ಹಾಡಹಗಲೇ ಪಡಸಾಲೆಯ ಕಿಟಕಿಗೆ ಕಂಬಳಿ ಹೊದಿಸಿ, ಗೋಡೆಗೆ ಪರದೆಯಾಗಿ ಧೋತರ ಕಟ್ಟಿ ತೋರಿಸುತ್ತಿದ್ದೆವು. ಆಟದ ಬಗ್ಗೆ ವಿವರಿಸಬೇಕಾದವನು ನಾನು. ನನಗೆ ಗೊತ್ತಿದ್ದ ಆಟ ಚಿಣ್ಣಿಕೋಲು ಒಂದೇ.

ಪ್ರತಿ ಊರಲ್ಲೂ ಒಬ್ಬ ಹಿರಿಯರಿಂದ ಒಂದು ಫಾರಂ ಬರೆಸಿಕೊಂಡು ಸಹಿ ತರಬೇಕಿತ್ತು. ಜನ ಏನು ನೋಡಿದರು, ಏನು ಕಲಿತರು, ಮತ್ತೇನಾದರೂ ಸೂಚನೆ ಇದೆಯೇ. ಸಾಹೇಬರು ಕರೆದು ಹೇಳಿದ್ದರು: "ನಾಲ್ಕು ತಾಲೂಕಿನ ನಾಲ್ಕು ಫಾರಂ ಸರಿ ಬಂದ್ರ ನಿನ್ನ ಕಾಯಂ ಮಾಡಾಕ ಬರೀತೇನಿ. ಇಲ್ಲಂದ್ರ ಮುಂದಿನ ತಿಂಗಳು ನಿನ್ನ ಹಾದಿ ನಿನಗ." ನನಗೆ ಮದುವೆಗೆ ಹೆಣ್ಣು ಗೊತ್ತಾಗಿತ್ತು. ಹೆಣ್ಣಿನ ಅಪ್ಪ, "ಮೊದಲ ಕಾಯಂ, ಆಮ್ಯಾಲ ಅಕ್ಕಿಕಾಳು" ಎಂದು ಕಡ್ಡಿ ಮುರಿದಂತೆ ಹೇಳಿದ್ದರು. ಹೀಗಾಗಿ ನನ್ನ ಸಂಸಾರ ಆ ನಾಲ್ಕು ಕಾಗದದಲ್ಲಿ ಸಿಕ್ಕಿಕೊಂಡಿತ್ತು.

೧. ಇಂಗಳೇಶ್ವರದ ನೀರು

ಬಸವನ ಬಾಗೇವಾಡಿ ತಾಲೂಕಿನ ಇಂಗಳೇಶ್ವರದಲ್ಲಿ ಗೌಡರ ಮನೆಯಲ್ಲಿ ಈಜಿನ ಸಿನಿಮಾ ಹಚ್ಚಿದೆ. ಕಟ್ಟಿಸಿದ ದೊಡ್ಡ ಕೊಳ, ಸ್ವಚ್ಛ ನೀರು, ಎಂಟು ಜನ ಧುಮುಕಿದರು. ಕೂಡಿದ ಮಂದಿ ಉಸಿರು ಬಿಗಿಹಿಡಿದು ನೋಡಿದರು. ಆಹಾ, ನನ್ನ ಕೆಲಸ ಕಾಯಂ ಅಂದುಕೊಂಡೆ.

ಗೌಡರು ಮೆಲ್ಲಗೆ ಕೇಳಿದರು: "ಈ ನೀರು ಯಾವ ಹೊಲಕ್ಕ ಹೋಗ್ತೈತ್ರಿ?"

"ಹೊಲಕ್ಕಲ್ರಿ ಗೌಡ್ರ, ಬರೇ ಈಜಾಕ."

"ಇಷ್ಟು ನೀರು? ಬರೇ ಈಜಾಕ?"

ಪಡಸಾಲೆಯಲ್ಲಿ ಲೊಚಗುಟ್ಟುವ ಸದ್ದು ಎದ್ದಿತು. ಅಷ್ಟರಲ್ಲಿ ಈಜುವವರು ಆಚೆ ದಂಡೆ ಮುಟ್ಟಿ ಸರ್ರನೆ ತಿರುಗಿ ಈಚೆ ಬರತೊಡಗಿದರು. ಗೌಡರ ತಾಯಿ ಕಂಬದ ಹಿಂದಿನಿಂದ, "ಅಯ್ಯ, ದಂಡಿ ಮುಟ್ಟಿದವ್ರು ಹೊರಗ ಬರೂದು ಬಿಟ್ಟು ಹೊಳ್ಳಿ ಯಾಕ ಬಂದ್ರೋ? ಈ ಕಡೆ ಏನರ ಮರತ್ ಹೋಗಿದ್ರೇನು?" ಅಂದರು. ಅವರು ಮತ್ತೆ ಆಚೆ ಹೋದರು, ಮತ್ತೆ ಈಚೆ ಬಂದರು. ಎಂಟೂ ಜನ ಒಟ್ಟಿಗೇ ಏನು ಮರೆತರು ಎಂಬ ಬಗ್ಗೆ ಹೆಂಗಸರಲ್ಲಿ ಚರ್ಚೆಯೇ ಆಯಿತು. ನಿಜ ಹೇಳಬೇಕೆಂದರೆ ಯಾಕೆ ತಿರುಗಿ ಬಂದರೆಂದು ನನಗೂ ಗೊತ್ತಿರಲಿಲ್ಲ.

ಫಾರಂನಲ್ಲಿ "ಏನು ಕಲಿತರು" ಎಂಬಲ್ಲಿ ಗೌಡರು ದುಂಡಗೆ ಬರೆದರು: "ಅವರ ಹತ್ತಿರ ನೀರಿದೆ, ಹೊಲ ಇಲ್ಲ. ನಮ್ಮ ಹತ್ತಿರ ಹೊಲ ಇದೆ, ನೀರಿಲ್ಲ. ಕೂಡಿ ಮಾಡುವುದಾದರೆ ನಾವು ತಯಾರು."

೨. ಮುದ್ದೇಬಿಹಾಳದ ಫುಟ್‌ಬಾಲ್

ಫುಟ್‌ಬಾಲ್ ಸಿನಿಮಾ ಎರಡು ಸುರುಳಿಯದ್ದು. ಮುದ್ದೇಬಿಹಾಳದ ಸಾಹುಕಾರರ ಮನೆಯಲ್ಲಿ, ಸಜ್ಜಕದ ಉಂಡೆ ತಿನ್ನುವ ಗಡಿಬಿಡಿಯಲ್ಲಿ, ನಾನು ಎರಡನೆಯದನ್ನು ಮೊದಲು ಹಾಕಿಬಿಟ್ಟೆ. ಒಂದು ತಂಡ ಗೆದ್ದಿತು, ಬಹುಮಾನದ ಕಪ್ಪು ಎತ್ತಿ ಹಿಡಿಯಿತು, ಕುಣಿಯಿತು. ಮಂದಿ ಚಪ್ಪಾಳೆ ತಟ್ಟಿದರು. ಆಮೇಲೆ ಮೊದಲನೆಯ ಸುರುಳಿ ಹತ್ತಿತು. ಎರಡೂ ತಂಡ ಕೈಕುಲುಕಿ ಆಟ ಶುರು ಮಾಡಿದವು.

ಸಾಹುಕಾರರು ನನ್ನ ಮುಖ ನೋಡಿದರು. "ಮೊದಲ ಕಪ್ಪು ಕೊಟ್ಟು ಆಮ್ಯಾಲ ಆಡಸ್ತಾರೇನ್ರಿ?"

ತಪ್ಪು ಒಪ್ಪಿಕೊಂಡರೆ ಫಾರಂ ಹಾಳಾದೀತೆಂದು, "ಆ ದೇಶದಾಗ ಹಂಗ ರೀ" ಅಂದೆ. ಒಂದು ಸುಳ್ಳಿಗೆ ಇಷ್ಟು ಬೆಲೆ ತೆರಬೇಕಾದೀತೆಂದು ಗೊತ್ತಿರಲಿಲ್ಲ. ಸೋಲಬೇಕಾದ ತಂಡದ ಹುಡುಗರು ಜೀವ ಕೊಟ್ಟು ಓಡುತ್ತಿದ್ದರು, ಬೀಳುತ್ತಿದ್ದರು, ಎದ್ದು ಮತ್ತೆ ಓಡುತ್ತಿದ್ದರು. ಮನೆಮಂದಿಯೆಲ್ಲ ಅವರನ್ನೇ ನೋಡಿ ಮರುಗತೊಡಗಿದರು. ಕೊನೆಗೆ ಸಾಹುಕಾರರ ಅತ್ತೆಗೆ ತಡೆಯಲಾಗಲಿಲ್ಲ. ಎದ್ದು ಬಂದು ನನ್ನ ತೋಳು ಹಿಡಿದು, "ಯಪ್ಪಾ, ನಿನ್ನ ಕೈ ಮುಗೀತೇನಿ. ಕಪ್ಪು ಆಗಲೇ ಹೋಗೇತಿ ಅಂತ ಆ ಹುಡುಗರಿಗೆ ಯಾರರ ಹೇಳ್ರೋ. ಸುಮ್ಮ ಸುಮ್ಮನ ಓಡಾಕತ್ತಾವು" ಎಂದು ಕಣ್ಣೊರೆಸಿಕೊಂಡರು.

ಫಾರಂನಲ್ಲಿ ಸಾಹುಕಾರರು ಬರೆದ ಸೂಚನೆ: "ಸೋತವರಿಗೆ ಮೊದಲೇ ತಿಳಿಸುವ ವ್ಯವಸ್ಥೆ ಆಗಬೇಕು."

೩. ಸಿಂದಗಿಯ ಗಿರಣಿ

ಸಿಂದಗಿಯಲ್ಲಿ ಓಟದ ಸಿನಿಮಾ. ನಿವೃತ್ತ ಮಾಸ್ತರರ ಮನೆ, ಓದಿದವರು, ಇಲ್ಲಾದರೂ ಸರಿಯಾದ ಮಾತು ಬರೆಸಬಹುದೆಂದು ಧೈರ್ಯದಿಂದ ಹೋದೆ. ಓಟಗಾರರು ಬಾಣದ ಹಾಗೆ ಹೊರಟರು. ಅರ್ಧ ದಾರಿಯಲ್ಲಿ ಎಲ್ಲರೂ ಒಮ್ಮೆಲೇ ಕೆಸರಲ್ಲಿ ಕಾಲು ಕೀಳುವವರ ಹಾಗೆ ಮೆಲ್ಲಗಾದರು. ಸ್ವಲ್ಪ ಹೊತ್ತಿಗೆ ಮತ್ತೆ ಬಾಣ. ಮತ್ತೆ ಕೆಸರು.

"ದಣದಾರ, ಪಾಪ" ಅಂದರು ಮಾಸ್ತರರು.

ದಣಿದಿದ್ದು ಅವರಲ್ಲ, ಕರೆಂಟು. ಪಕ್ಕದ ಮನೆಯಲ್ಲಿ ಹಿಟ್ಟಿನ ಗಿರಣಿ ಇತ್ತು. ಅಲ್ಲಿ ಜೋಳ ಸುರಿದಾಗೆಲ್ಲ ನನ್ನ ಮಷೀನಿನ ಉಸಿರು ಕಟ್ಟುತ್ತಿತ್ತು. ವಿಷಯ ತಿಳಿದ ಮಾಸ್ತರರು ಗಿರಣಿ ನಿಲ್ಲಿಸಲು ತಾವೇ ಹೋದರು. ಅಲ್ಲಿ ಬುಟ್ಟಿ ಹೊತ್ತು ಸಾಲು ನಿಂತ ಹೆಂಗಸರು ಬಿಡುತ್ತಾರೆಯೇ! "ಓಡಾವ್ರು ನಿಂತು ಓಡ್ಲಿ. ನನ್ನ ಗಂಡ ಹೊಲದಿಂದ ಬರೂದ್ರಾಗ ರೊಟ್ಟಿ ಆಗಬೇಕು" ಎಂದು ಒಬ್ಬಳು ಬುಟ್ಟಿ ಇಳಿಸಿಯೇಬಿಟ್ಟಳು. ಕೊನೆಗೆ ರಾಜಿಯಾಯಿತು. ಒಬ್ಬಳ ಹಿಟ್ಟು, ಒಂದಿಷ್ಟು ಓಟ. ಮತ್ತೊಬ್ಬಳ ಹಿಟ್ಟು, ಮತ್ತಿಷ್ಟು ಓಟ. ತಮ್ಮ ಸರದಿ ಮುಗಿದ ಹೆಂಗಸರು ಹಿಟ್ಟಿನ ಬುಟ್ಟಿಯೊಂದಿಗೇ ಒಳಗೆ ಬಂದು ಕೂತರು. ಓಟ ಮುಗಿಯುವಷ್ಟರಲ್ಲಿ ಓಣಿಯ ಜೋಳವೆಲ್ಲ ಹಿಟ್ಟಾಗಿತ್ತು.

"ಯಾರು ಗೆದ್ದರು ಎಂಬುದು ಸ್ಪಷ್ಟವಾಗಲಿಲ್ಲ, ಆದರೆ ಹಿಟ್ಟು ನುಣ್ಣಗೆ ಬಂದಿದೆ" ಎಂದು ಮಾಸ್ತರರು ವ್ಯಾಕರಣ ತಪ್ಪದೆ ಬರೆದು ಸಹಿ ಹಾಕಿದರು.

೪. ಝಳಕಿಯ ತೀರ್ಪು

ಮೂರು ಫಾರಂ ಹೀಗೆ ಆದ ಮೇಲೆ ಜೀಪಿನಲ್ಲಿ ಕೂತು ಅವನ್ನೇ ತಿರುವಿ ತಿರುವಿ ಓದುತ್ತಿದ್ದೆ. ಉಳಿದದ್ದು ಇಂಡಿ ತಾಲೂಕಿನ ಝಳಕಿ ಒಂದೇ. ಡ್ರೈವರ್ ಕಾಕಾ ಧೈರ್ಯ ಹೇಳಿದ: "ಹೆದರಬ್ಯಾಡೋ. ಕುಸ್ತಿ ಅಂದ್ರ ಈ ಮಂದಿಗೆ ಉಂಡಷ್ಟು ಸುಲಭ. ಇಲ್ಲಿ ಯಾರೂ ಗೊಂದಲ ಬೀಳಂಗಿಲ್ಲ." ಗೊಂದಲ ಬೀಳುವುದು ನಾನೇ ಎಂದು ಅವನಿಗೆ ಹೊಳೆಯಲಿಲ್ಲ.

ಸಿನಿಮಾ ತೋರಿಸಿದ್ದು ಊರಿನ ವಸ್ತಾದರ ಮನೆಯಲ್ಲಿ. ಮೂವತ್ತು ವರ್ಷ ಹುಡುಗರಿಗೆ ಕುಸ್ತಿ ಕಲಿಸಿದ ಹಿರಿಯರು, ಕಿವಿ ಮುದುರಿ ಗಟ್ಟಿಯಾಗಿತ್ತು. ಪೈಲವಾನರೆಲ್ಲ ಗೋಡೆಗೆ ಆನಿಕೊಂಡು ಕೂತರು. ಪರದೆಯ ಮೇಲೆ ಇಬ್ಬರು ಗಾದಿಯ ಮೇಲೆ ಹಿಡಿದಾಡಿದರು. ಹೊತ್ತು ಮುಗಿಯಿತು, ತೀರ್ಪು ಕೊಡುವ ಪಂಚ ಸೀಟಿ ಊದಿದ, ಅಂಕದ ಲೆಕ್ಕದಲ್ಲಿ ಮುಂದಿದ್ದವನ ಕೈ ಎತ್ತಿದ. ಸಿನಿಮಾ ಮುಗಿಯಿತು.

ವಸ್ತಾದರು ಕೇಳಿದರು: "ಬೆನ್ನು ಎಲ್ಲಿ ಹತ್ತೇತಿ?"

"ರೀ?"

"ಸೋತಾಂವನ ಬೆನ್ನು ನೆಲಕ್ಕ ಎಲ್ಲಿ ಹತ್ತೇತಿ? ಬೆನ್ನು ಹತ್ತಲಾರದ ಕೈ ಹೆಂಗ ಎತ್ತಿದ್ರಿ?"

ನಮ್ಮ ಕಡೆಯ ಕುಸ್ತಿಯ ರಿವಾಜು ಅದು. ಬೆನ್ನು ಮಣ್ಣಿಗೆ ಹತ್ತಬೇಕು, ಹತ್ತದಿದ್ದರೆ ಕುಸ್ತಿ ಬರಾಬರಿ, ಇಬ್ಬರೂ ಸಮ. ಲೆಕ್ಕದಲ್ಲಿ ಗೆಲ್ಲುವುದೆಂಬುದನ್ನು ಅಲ್ಲಿ ಯಾರೂ ಕೇಳಿಯೇ ಇರಲಿಲ್ಲ. ನಾನು ಹೇಳಿ ನೋಡಿದೆ. ವಸ್ತಾದರು, "ಲೆಕ್ಕ ಸಾಲ್ಯಾಗ ಮಾಡ್ರಿ, ಕುಸ್ತ್ಯಾಗ ಬ್ಯಾಡ. ಇನ್ನೊಮ್ಮೆ ಬಿಡ್ರಿ" ಅಂದರು.

ಇನ್ನೊಮ್ಮೆ ಬಿಟ್ಟೆ. ಅದೇ ಆಯಿತು. ಇನ್ನೂ ಒಮ್ಮೆ ಬಿಡಿಸಿದರು. ಈ ಸಲ ಪೈಲವಾನರೆಲ್ಲ ಎದ್ದು ನಿಂತು ಸೋಲುವವನಿಗೆ, "ಎಡಗಾಲು ಹಿಡಿ! ಎಡಗಾಲು!" ಎಂದು ಕೂಗಿ ಹೇಳಿಕೊಟ್ಟರು. ಅವನು ಕೇಳಲಿಲ್ಲ. ಆದರೂ ಸಿನಿಮಾ ಮುಗಿದಾಗ ಒಬ್ಬ ಪೈಲವಾನ ಗಂಭೀರವಾಗಿ, "ಹೋದ ಸಲಕ್ಕಿಂತ ಈ ಸಲ ಚಲೋ ತಡದ" ಅಂದ. ಎಲ್ಲರೂ ಹೌದೆಂದರು. ದೇವರಾಣೆ, ನನಗೂ ಹಾಗೇ ಅನ್ನಿಸಿತು.

ಸಹಿ ಕೇಳಿದೆ. ವಸ್ತಾದರು ತಲೆ ಅಲ್ಲಾಡಿಸಿದರು. "ನ್ಯಾಯ ಆಗಲಾರದ ನಾ ಸಹಿ ಹಾಕಾಂವ ಅಲ್ಲ."

ನನಗೆ ಅಳುವೇ ಬಂತು. "ವಸ್ತಾದ್ರ, ನನ್ನ ನೌಕರಿ, ನನ್ನ ಮದಿವಿ ಎಲ್ಲಾ ಈ ಹಾಳಿ ಮ್ಯಾಲ ಐತ್ರಿ" ಅಂದೆ. ಅವರು ಕರಗಿದರು. "ಆತು, ಸಹಿ ಹಾಕ್ತೇನಿ. ಖರೇ ಇದ್ದದ್ದು ಬರದು ಹಾಕ್ತೇನಿ" ಎಂದು ಪೆನ್ನು ತೆಗೆದುಕೊಂಡರು. ಬರೆದದ್ದು ಇದು: "ಕುಸ್ತಿ ಮೂರು ಸಲ ನೋಡಿದೆವು. ಮೂರು ಸಲವೂ ಬೆನ್ನು ಹತ್ತಿಲ್ಲ. ಪಂಚರ ತೀರ್ಪು ನಮಗೆ ಮಂಜೂರಿಲ್ಲ. ಇಬ್ಬರನ್ನೂ ಝಳಕಿಗೆ ಕಳಿಸಿದರೆ ಮಣ್ಣಿನಲ್ಲಿ ಕುಸ್ತಿ ಬಿಡಿಸುತ್ತೇವೆ. ಊಟದ ವ್ಯವಸ್ಥೆ ನಮ್ಮದು." ಕೆಳಗೆ ಅವರ ಸಹಿ, ಹನ್ನೊಂದು ಪೈಲವಾನರ ಹೆಬ್ಬೆಟ್ಟು.

ನಾಲ್ಕೂ ಫಾರಂ ಓದಿದ ಸಾಹೇಬರು ಕನ್ನಡಕ ತೆಗೆದು ಕಣ್ಣು ಮುಚ್ಚಿಕೊಂಡರು. ಆದರೆ ಹಿರಿಯರ ಸಹಿ ಇದ್ದ ಕಾಗದ ಹರಿಯುವಂತಿಲ್ಲ. ಎಲ್ಲ ಮೇಲಿನ ಕಚೇರಿಗೆ ಹೋದವು. ನಾನು ಹೆಣ್ಣಿನ ಅಪ್ಪನಿಗೆ ಮುಖ ತೋರಿಸುವುದನ್ನೇ ಬಿಟ್ಟೆ.

ತಿಂಗಳ ಮೇಲೆ ಉತ್ತರ ಬಂತು. ಮೊದಲ ಮೂರರ ಬಗ್ಗೆ ಚಕಾರವಿಲ್ಲ. ನಾಲ್ಕನೆಯದಕ್ಕೆ ನನ್ನ ಹೆಸರಿನಲ್ಲಿ ಒಂದು ನೋಟೀಸು: "ಝಳಕಿಯಲ್ಲಿ ತಾವು ಏರ್ಪಡಿಸಿದ ಕುಸ್ತಿಯಲ್ಲಿ ಒಂದೇ ತಪ್ಪು ತೀರ್ಪನ್ನು ಮೂರು ಬಾರಿ ಕೊಡಿಸಿದ್ದಾಗಿ ದೂರು ಬಂದಿದೆ. ಏಳು ದಿನದೊಳಗೆ ತೀರ್ಪನ್ನು ಸರಿಪಡಿಸಿ ವರದಿ ಮಾಡುವುದು."

"ಸಾಹೇಬ್ರ, ನಾ ಮಷೀನ್ ತಿರುವಾಂವ್ರಿ, ಕುಸ್ತಿ ಬಿಡಸಾಂವ ಅಲ್ರಿ! ಅದು ಸಿನಿಮಾ ಅಂತ ಬರೀತೇನ್ರಿ" ಅಂದೆ.

ನಮ್ಮ ಹೆಡ್ ಕ್ಲಾರ್ಕ್ ಮೂವತ್ತು ವರ್ಷ ಫೈಲು ತಿಂದು ಅರಗಿಸಿಕೊಂಡವರು. ಎಲೆಯಡಿಕೆ ಉಗುಳಿ ಬಂದು ಹೇಳಿದರು: "ಹಂಗ ಬರದ್ರ, ಸಿನಿಮಾಕ್ಕ ತೀರ್ಪು ಕೊಡಾಕ ನಿನಗ ಯಾರು ಹೇಳಿದ್ರು ಅಂತ ಮತ್ತೊಂದು ಬರ್ತೈತಿ. ಅವರು ಸರಿಪಡಸು ಅಂದಾರ, ಸರಿಪಡಸು."

"ಹೆಂಗ್ರಿ?"

"ಪೆನ್ನಲೇ."

ಅವರು ಹೇಳಿದ ಹಾಗೆ ಬರೆದೆ: "ಊರ ಹಿರಿಯರ ಅಭಿಪ್ರಾಯದಂತೆ ಸದರಿ ಕುಸ್ತಿಯನ್ನು ಬರಾಬರಿ ಎಂದು ತಿದ್ದಲಾಗಿದೆ." ಸಾಹೇಬರು ಸಹಿ ಹಾಕಿದರು. ಮೇಲಿನ ಕಚೇರಿ "ತೃಪ್ತಿಕರ" ಎಂದು ಷರಾ ಬರೆದು ಫೈಲು ಮುಚ್ಚಿತು. ಅದರ ಹಿಂದೆಯೇ ನಾನು ಕಾಯಂ ಆದ ಆದೇಶ ಬಂತು. ಮದುವೆಗೆ ವಸ್ತಾದರೂ ಬಂದರು. ತೀರ್ಪು ತಿದ್ದಿದ ಸುದ್ದಿ ಹೇಳಿದಾಗ ನನ್ನ ಬೆನ್ನು ಚಪ್ಪರಿಸಿ, "ಸರಕಾರದಾಗೂ ಕುಸ್ತಿ ತಿಳದವ್ರು ಅದಾರ ಬಿಡು" ಅಂದರು.

ಆ ಪರದೇಶದ ಪೈಲವಾನ ಗೆದ್ದ ಪದಕವನ್ನು ಗೋಡೆಗೆ ತೂಗುಹಾಕಿ, ಮೊಮ್ಮಕ್ಕಳಿಗೆ ತೋರಿಸಿ ಮೀಸೆ ತಿರುವಿಕೊಂಡಿದ್ದಾನು. ಅವನು ಗೆಲ್ಲಲಿಲ್ಲ ಎಂದು ಅವನಿಗೆ ಇವತ್ತಿಗೂ ಯಾರೂ ಹೇಳಿಲ್ಲ.