ಏಳು ಫೋನು, ನಲವತ್ತು ಪದ

ಬೆಳಿಗ್ಗೆ ಆರು ಗಂಟೆಗೆ ಬೇಲಿಯಾಚೆಯಿಂದ ಬಂದ ಒಂದು ಮಾತು ಸ್ತೆಲಿಯಾನಳ ಇಡೀ ದಿನಕ್ಕೆ ಬೆಂಕಿ ಹಚ್ಚಿತು.

ಪಕ್ಕದ ಮನೆಯ ಸಾಫ್ತಾ ಅತ್ತೆ ಸೌತೆಕಾಯಿ ಉಪ್ಪಿಗೆ ಹಾಕಲು ವಿನಿಗರ್ ಕೇಳಿಕೊಂಡು ಬಂದಿದ್ದಳು. ಬಾಟಲಿ ಕೈಗೆ ಬಂದ ಮೇಲೂ ಹೋಗದೆ ಬೇಲಿಯ ಮೇಲೆ ಮೊಣಕೈ ಊರಿ ನಿಂತಳು.

"ಒಂಟೆಗೆ ಏನಂತಾರೆ ಅಂತ ಕಲಿತ್ಯೇನೇ?"

"ಕಲಿತೆ ಅತ್ತೆ. ಇಂಗ್ಲಿಷಿನವರ ಕ್ಯಾಮೆಲ್ ಅಂದ್ರೆ ನಮ್ಮ ಕಮಿಲ."

"ಪಾಪ. ಹದಿನೈದು ದಿನದಿಂದ ಕಣ್ಣು ಕಳ್ಕೊಂಡೆ. ಆ ಗೈಡ್ ಕೆಲಸ ಆಗಲೇ ಯಾರಿಗೋ ಕೊಟ್ಟಾಗಿದೆಯಂತೆ."

ಸ್ತೆಲಿಯಾನ ಕೋಳಿಗೆ ಹಾಕುತ್ತಿದ್ದ ಜೋಳದ ಬಟ್ಟಲನ್ನು ಕೆಳಗಿಟ್ಟಳು. "ಯಾರು ಹೇಳಿದ್ದು?"

"ಮೇಯರ್ ಕಚೇರಿ ಗುಡಿಸ್ತಾಳಲ್ಲ, ನನ್ನ ತಂಗಿ ಮಗಳು, ಅವಳು. ನಿನ್ನೆ ಒಂದೇ ದಿನ ಏಳು ಫೋನು ಬಂದ್ವಂತೆ. ಏಳೂ ಒಬ್ಬಳೇ ಹೆಂಗಸಿನ ಪರವಾಗಿ. ಏಳನೇದು ಜಿಲ್ಲಾ ಕೇಂದ್ರದಿಂದ, ಅದಕ್ಕೆ ಮೇಯರ್ ಸಾಹೇಬ್ರು ಎದ್ದು ನಿಂತೇ ಮಾತಾಡಿದ್ರಂತೆ."

"ಯಾವ ಹೆಂಗಸು?"

"ಹೆಸರು ಮಾತ್ರ ಸರಿಯಾಗಿ ಕೇಳಿಸಲಿಲ್ಲವಂತೆ, ಬಾಗಿಲು ಹಾಕಿತ್ತು. ಬಾಗಿಲಿಗೆ ಕಿವಿ ಕೊಟ್ಟು ನಿಲ್ಲೋ ಬುದ್ಧಿ ನಮ್ಮ ಮನೆತನದಲ್ಲೇ ಇಲ್ಲ," ಎಂದು ಹೇಳಿ ಸಾಫ್ತಾ ಅತ್ತೆ ವಿನಿಗರ್ ಸಮೇತ ಹೊರಟುಹೋದಳು.

ರೊಮೇನಿಯಾದ ಆ ನಿಸಿಪೆನಿ ಊರಿನಲ್ಲಿ ಮರಳಿಗೆ ಬರವಿರಲಿಲ್ಲ. ಹಿರಿಯರು ನೆಟ್ಟಿದ್ದ ಜಾಲಿ ಮರಗಳನ್ನು ಊರವರೇ ಕಡಿದು ಒಲೆಗಿಟ್ಟ ಮೇಲೆ ಮರಳು ಡ್ಯಾನ್ಯೂಬ್ ದಡದಿಂದ ಹೊಲಕ್ಕೆ, ಹೊಲದಿಂದ ಅಂಗಳಕ್ಕೆ, ಅಂಗಳದಿಂದ ಊಟದ ತಟ್ಟೆಗೆ ಬಂದಿತ್ತು. ಕಲ್ಲಂಗಡಿ ಬಿಟ್ಟರೆ ಬೇರೇನೂ ಬೆಳೆಯುತ್ತಿರಲಿಲ್ಲ. ಎರಡು ವರ್ಷದಿಂದ ಆ ಮರಳನ್ನೇ ನೋಡಲು ಹೊರದೇಶದವರು ಬರತೊಡಗಿದ್ದರು. ಮೇಯರ್ ಕಚೇರಿಯವರು ದಿಬ್ಬದ ಮೇಲೊಂದು ಮರದ ಗುಡಿಸಲು ಕಟ್ಟಿಸಿ, ಗೈಡ್ ಬೇಕು ಎಂದು ಬಾಗಿಲಿಗೆ ಚೀಟಿ ಅಂಟಿಸಿದರು. ಮರುಭೂಮಿಗೆ ಸಂಬಂಧಿಸಿದ ನಲವತ್ತು ಇಂಗ್ಲಿಷ್ ಪದ, ಎದುರಿಗೆ ರೊಮೇನಿಯನ್ ಅರ್ಥ ಬರೆಯಬೇಕು. ಆಮೇಲೆ ಸಮಿತಿಯ ಮುಂದೆ ಬಾಯಿಬಿಟ್ಟು ಹೇಳಬೇಕು. ಅಷ್ಟೇ ಪರೀಕ್ಷೆ.

ಅಷ್ಟೇ ಎಂದರೂ ಸ್ತೆಲಿಯಾನಳಿಗೆ ಅದು ಅಷ್ಟೇ ಆಗಿರಲಿಲ್ಲ. ಅವಳಿಗೀಗ ನಲವತ್ತೇಳು. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ದುಡಿದಿದ್ದಳು. ಆ ಕೆಲಸ ಮಾವ, ಗಂಡನ ಅಪ್ಪ, ಒಂದು ಮಾತು ಹೇಳಿ ಕೊಡಿಸಿದ್ದು. ಕಾರ್ಖಾನೆ ಮುಚ್ಚುವ ದಿನದವರೆಗೂ ಪ್ರತಿ ಭಾನುವಾರ ಊಟದ ಮೇಜಿನಲ್ಲಿ ಮಾವ ಅದನ್ನು ನೆನಪಿಸುತ್ತಿದ್ದರು, ಉಪ್ಪು ಕೇಳಿದಷ್ಟು ಸಹಜವಾಗಿ. ಹೆರಿಗೆಗೆ ಹೋದಾಗ ಕಿಟಕಿ ಪಕ್ಕದ ಮಂಚ ಸಿಕ್ಕಿದ್ದು ಗಂಡನ ಅಮ್ಮನ ಪರಿಚಯದಿಂದ. ಅವಳ ಬದುಕಿನಲ್ಲಿ ಇದು ನನ್ನದು ಎಂದು ಕೈಯಿಟ್ಟು ಹೇಳುವ ವಸ್ತುವೇ ಇರಲಿಲ್ಲ. ಎಲ್ಲದರ ಮೇಲೂ ಯಾರದೋ ಮಾತಿನ ಮುದ್ರೆ. ಈ ನಲವತ್ತು ಪದಗಳನ್ನು ಮಾತ್ರ ಅವಳು ಕಲ್ಲಂಗಡಿ ಸಾಲಿನಲ್ಲಿ ಕಳೆ ಕೀಳುತ್ತ ಒಬ್ಬಳೇ ಕಲಿತಿದ್ದಳು. ಈ ಕೆಲಸ ಸಿಕ್ಕರೆ ಅದು ತನ್ನ ತಲೆಯಿಂದ ಸಿಕ್ಕಬೇಕು ಎಂದುಕೊಂಡಿದ್ದಳು.

ಮನೆಯೊಳಗೆ ಗಂಡ ಇಲಾರಿಯೆ ಜೋಳದ ಮುದ್ದೆಯನ್ನು ಹಾಲಿನಲ್ಲಿ ಕಿವುಚಿಕೊಂಡು ತಿನ್ನುತ್ತಿದ್ದ.

"ಕೆಲಸ ಯಾರಿಗೋ ಕೊಟ್ಟಾಯ್ತಂತೆ," ಎಂದಳು.

ಅವನ ಚಮಚ ನಿಂತಿತು. "ಯಾರಿಗೆ?"

"ಏಳು ಫೋನಿನವಳಿಗೆ."

"ಏಳಾ?" ಇಲಾರಿಯೆಯ ಮುಖ ಬಿಳಿಚಿಕೊಂಡಿತು. "ಏಳಿದ್ರೆ ಕಷ್ಟ ಕಣೇ. ಒಂದಾದ್ರೆ ಹೇಗೋ..." ಎಂದವನು ಮಾತು ನುಂಗಿಕೊಂಡು ಮತ್ತೆ ಚಮಚ ಎತ್ತಿದ.

"ಒಂದಾದ್ರೆ ಏನು?"

"ಏನಿಲ್ಲ. ಈ ದೇಶದಲ್ಲಿ ವಶೀಲಿ ಇಲ್ದೆ ಮಳೆನೂ ಬೀಳಲ್ಲ ಅಂದೆ."

"ಥರ್ಸ್ಟ್ ಅಂದ್ರೆ ಏನು ಕೇಳು ನನ್ನ."

"ನಂಗೇನು ಗೊತ್ತು ಥರ್ಸ್ಟು."

"ಸೇತೆ. ಬಾಯಾರಿಕೆ. ಮದುವೆಯಾಗಿ ಇಪ್ಪತ್ತಾರು ವರ್ಷ ಆಯ್ತು, ನಿನಗೆ ಯಾವುದು ತಾನೇ ಗೊತ್ತು?" ಎಂದು ಅವಳು ಅವನ ಮುಂದಿನ ತಟ್ಟೆಯನ್ನು ಎತ್ತಿಕೊಂಡು ಹೋಗಿ ತೊಳೆದುಬಿಟ್ಟಳು. ಅದರಲ್ಲಿ ಇನ್ನೂ ಅರ್ಧ ಮುದ್ದೆ ಇತ್ತು.

ಬೂದು ಬಣ್ಣದ ಒಳ್ಳೆಯ ಲಂಗ ಉಟ್ಟು ಬಿಸಿಲಲ್ಲೇ ಹೊರಟಳು. ದಾರಿಯುದ್ದಕ್ಕೂ ಆ ಹೆಂಗಸನ್ನು ಮನಸ್ಸಿನಲ್ಲೇ ಕೆತ್ತುತ್ತ ಹೋದಳು. ಮೊದಲು ಎತ್ತರದ ಹಿಮ್ಮಡಿಯ ಚಪ್ಪಲಿ ತೊಡಿಸಿದಳು. ಚರ್ಚಿನ ಹತ್ತಿರ ಬರುವ ಹೊತ್ತಿಗೆ ಉಗುರಿಗೆ ಕೆಂಪು ಬಣ್ಣ ಬಳಿದಿದ್ದಳು, ಬಾವಿ ದಾಟುವಾಗ ಒಂದು ಕಾರು ಕೊಟ್ಟು, ಮೂಗನ್ನು ಸೊಟ್ಟ ಮಾಡಿದ್ದಳು. ಇಷ್ಟು ವಿವರವಾಗಿ ಅವಳು ತನ್ನ ಸ್ವಂತ ತಂಗಿಯನ್ನೂ ಎಂದೂ ನೋಡಿರಲಿಲ್ಲ. ಆ ಹೆಂಗಸು ಎಂದಾದರೂ ಮರಳಿನಲ್ಲಿ ಬರಿಗಾಲಲ್ಲಿ ನಡೆದಿದ್ದಾಳೆಯೇ? ಡ್ರಾಟ್ ಅಂದರೆ ಸೇಚೆತ, ಬರಗಾಲ ಎಂದು ಅವಳಿಗೆ ಗೊತ್ತೇ? ಗೊತ್ತಿರಲಾರದು. ಅಂಥವಳ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು ಬರುತ್ತದೆ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ನಿವೃತ್ತ ಅಂಚೆಯವ ತೊಮಾ ಮಾವ ಕೂತಿದ್ದ. ಊರಿನ ಅರ್ಧದಷ್ಟು ಸುದ್ದಿ ಅವನಿಂದ ಹೊರಡುತ್ತಿತ್ತು. ಉಳಿದರ್ಧ ಅವನಲ್ಲಿಗೆ ಬಂದು ಸೇರುತ್ತಿತ್ತು.

"ಏಳು ಫೋನಿನ ಸುದ್ದಿ ಬಂತಾ?" ಎಂದ.

"ಬಂತು."

"ಭಾರಿ ಕುಳ ಅಂತೆ. ನಮ್ಮಂಥೋರ ಒಂದು ಮಾತು ಅಲ್ಲಿ ಎಲ್ಲಿ ನಡೆಯುತ್ತೆ. ಆದ್ರೂ ನೀನು ಧೈರ್ಯವಾಗಿ ಹೋಗು ಮಗಳೇ, ಆನೆ ಮುಂದೆ ಇರುವೆನೂ ನಡೆಯುತ್ತೆ."

"ನನಗೆ ಇರುವೆ ಬೇಡ ಮಾವ, ಚೇಳು ಸಾಕು. ಅದೂ ನನ್ನ ಪಟ್ಟಿಯಲ್ಲಿದೆ," ಎಂದು ಅವಳು ನಿಲ್ಲದೆ ನಡೆದಳು.

ಮೇಯರ್ ಕಚೇರಿಗೆ ಪರೀಕ್ಷೆಗೆಂದು ಬಂದಿದ್ದವರು ಮೂವರು. ಸ್ತೆಲಿಯಾನ, ದನದ ಡಾಕ್ಟರ ಹತ್ತಿರ ಕೆಲಸಕ್ಕಿದ್ದ ಒಬ್ಬ ಮಂಕು ಯುವಕ, ಮತ್ತೆ ದಾಲಿಯಾ ಎಂಬ ಕಾಲೇಜು ಹುಡುಗಿ. ಹುಡುಗಿಯ ಉಗುರು ಕೆಂಪಗಿತ್ತು. ಸ್ತೆಲಿಯಾನಳಿಗೆ ಮತ್ತೇನೂ ಸಾಕ್ಷಿ ಬೇಕಾಗಲಿಲ್ಲ.

ಬರೆಯುವುದು ಅರ್ಧ ಗಂಟೆಯಲ್ಲಿ ಮುಗಿಯಿತು. ಓಯಾಸಿಸ್ ಎಂದಿದ್ದಲ್ಲಿ ವಾಜ ಎಂದು ಬರೆದಳು, ಹಲ್ಲಿಯ ಲಿಜರ್ಡ್ ಎಂದಿದ್ದಲ್ಲಿ ಶೊಪರ್ಲ ಎಂದು ಬರೆದಳು, ಮರಳುದಿಬ್ಬದ ಡ್ಯೂನ್ ಬಂದಾಗ ದೂನ ಎಂದು ಎಷ್ಟು ಒತ್ತಿ ಬರೆದಳೆಂದರೆ ಅಕ್ಷರ ಕಾಗದದ ಹಿಂದೆಯೂ ಮೂಡಿತು. ಆಮೇಲೆ ಒಬ್ಬೊಬ್ಬರನ್ನೇ ಒಳಗೆ ಕರೆದರು. ದಾಲಿಯಾ ಒಳಗೆ ಇಪ್ಪತ್ತೈದು ನಿಮಿಷ ಇದ್ದಳು. ಎಷ್ಟು ಚೆನ್ನಾಗಿ ಕೂರಿಸಿಕೊಂಡು ಹೇಳಿಕೊಡುತ್ತಿದ್ದಾರೆ ಎಂದು ಸ್ತೆಲಿಯಾನ ಹೊರಗಿನ ಬೆಂಚಿನ ಮೇಲೆ ಹಲ್ಲು ಕಡಿದಳು.

ಅವಳ ಸರದಿ ಬಂತು. ಒಳಗೆ ಮೂವರು: ಮೇಯರರ ಕಾರ್ಯದರ್ಶಿ, ಶಾಲೆಯ ಇಂಗ್ಲಿಷ್ ಮೇಡಂ ವಿಯೊರಿಕಾ, ಜಿಲ್ಲೆಯಿಂದ ಬಂದ ಬೋಳುತಲೆಯ ಅಧಿಕಾರಿ. ಮೂವರೂ ಅವಳನ್ನು ಕಂಡು ಅರ್ಧ ಎದ್ದರು. ಕಾರ್ಯದರ್ಶಿ ಕುರ್ಚಿ ಎಳೆದುಕೊಟ್ಟ. ಅಧಿಕಾರಿ ತನ್ನ ಕೈಯಾರೆ ನೀರು ಬಗ್ಗಿಸಿದ. ಕಟುಕ ಕುರಿಯ ತಲೆ ಸವರುವುದು ಹೀಗೆಯೇ ಎಂದುಕೊಂಡಳು.

"ಸ್ಯಾಂಡ್ ಅಂದ್ರೆ?" ಎಂದು ಕಾರ್ಯದರ್ಶಿ ಕೇಳಿದ.

"ನಿಸಿಪ್."

"ಸಾಕು ಮೇಡಂ. ಬಹಳ ಚೆನ್ನಾಗಿದೆ."

"ಇನ್ನೂ ಮೂವತ್ತೊಂಬತ್ತು ಇದಾವೆ."

"ಗೊತ್ತಮ್ಮ, ನಮಗೆಲ್ಲ ಗೊತ್ತು. ನೀವು ತೊಂದರೆ ತಗೋಬೇಡಿ," ಎಂದು ಅಧಿಕಾರಿ ಕರವಸ್ತ್ರದಿಂದ ತಲೆ ಒರೆಸಿಕೊಂಡ.

"ಮಿರಾಜ್ ಕೇಳಿ. ಸ್ಕಾರ್ಪಿಯನ್ ಕೇಳಿ."

"ಬಿಸಿಲು ಜಾಸ್ತಿ ಇದೆ, ಮನೆಗೆ ಹೋಗಿ ವಿಶ್ರಾಂತಿ ತಗೊಳ್ಳಿ."

ಹದಿನೈದು ದಿನದ ದುಡಿಮೆಗೆ ಒಂದೂವರೆ ನಿಮಿಷ. ವಿಯೊರಿಕಾ ಮೇಡಂ ಏನೋ ಹೇಳಲು ಬಾಯಿ ತೆರೆದಳು, ಕಾರ್ಯದರ್ಶಿ ಅವಳ ಕಾಲು ತುಳಿದ. ಸ್ತೆಲಿಯಾನ ಅದನ್ನೂ ಕಂಡಳು. ಕೇಳಿಸಿಕೊಳ್ಳುವ ಮರ್ಯಾದೆಯನ್ನಾದರೂ ಇವರು ತೋರಿಸಬಾರದೆ? ಬೈದು ಕಳಿಸಿದ್ದರೆ ಸಹಿಸುತ್ತಿದ್ದಳೇನೋ; ಈ ನಯ ಕಾದ ಎಣ್ಣೆಗೆ ಬಿದ್ದ ನೀರಿನಂತೆ ಸಿಡಿಯಿತು. ಬಾಗಿಲು ದಾಟಿದವಳು ಮೆಟ್ಟಿಲಿಳಿಯದೆ ಎಡಕ್ಕೆ ತಿರುಗಿ ಅರ್ಜಿ ತೆಗೆದುಕೊಳ್ಳುವ ಕಿಟಕಿಗೆ ಹೋದಳು.

ಕಿಟಕಿಯ ಹಿಂದೆ ಗುಮಾಸ್ತೆ ಜಾಂಫಿರಾ ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದಳು.

"ಒಂದು ಹಾಳೆ ಕೊಡು. ದೂರು ಬರೀಬೇಕು."

"ಯಾರ ಮೇಲಕ್ಕಾ?"

"ಈ ಪರೀಕ್ಷೆ ಮೇಲೆ. ಏಳು ಫೋನಿನ ಹೆಂಗಸಿನ ಮೇಲೆ."

"ಫಲಿತಾಂಶ ಎರಡು ಗಂಟೆಗೆ. ಅಲ್ಲೀತನಕ ಕಾಯಬಾರ್ದಾ?"

"ಫಲಿತಾಂಶ ನಿನ್ನೇನೇ ಬಂದಾಗಿದೆ."

ಅವಳು ಬರೆದಳು: ಈ ಕೆಲಸವನ್ನು ಮೊದಲೇ ವಶೀಲಿಯುಳ್ಳ ಒಬ್ಬ ಹೆಂಗಸಿಗೆ ಮೀಸಲಿಟ್ಟಿದ್ದಾರೆ, ಸಮಿತಿಯವರು ಆಕೆಯ ಕೈಗೊಂಬೆಗಳು, ಪರೀಕ್ಷೆಯನ್ನು ರದ್ದು ಮಾಡಬೇಕು, ಆ ಹೆಂಗಸನ್ನು ಮತ್ತೆಂದೂ ಪರೀಕ್ಷೆಗೆ ಕೂರಿಸಬಾರದು. ಬರೆಯುತ್ತ ಬರೆಯುತ್ತ ಮೈ ಹಗುರಾಯಿತು. ಇಷ್ಟು ವರ್ಷ ನುಂಗಿದ್ದೆಲ್ಲ ಎರಡು ಪುಟವಾಯಿತು. ಜಾಂಫಿರಾ ಠಪ್ಪೆಂದು ಮುದ್ರೆ ಹೊಡೆದು, ದಾಖಲೆಯ ನಂಬರು ಹಾಕಿದಳು. ಒಂದು ಸರ್ಟಿಫಿಕೇಟಿಗೆ ಮೂರು ವಾರ ಅಲೆಸುವ ಆ ಕಿಟಕಿ ಅವತ್ತು ಮೂರು ನಿಮಿಷದಲ್ಲಿ ಕೆಲಸ ಮುಗಿಸಿತು. ದೂರು ಜಿಲ್ಲೆಗೆ ಹೋಗಬೇಕಿತ್ತು, ಜಿಲ್ಲೆಯವರು ಪಕ್ಕದ ಕೋಣೆಯಲ್ಲೇ ಕೂತಿದ್ದರು.

ಎರಡು ಗಂಟೆಗೆ ಬಾಗಿಲಿಗೆ ಪಟ್ಟಿ ಅಂಟಿಸಿದರು. ಸೋತವಳ ಮುಖ ಹೊತ್ತು ನೋಡಬಾರದೆಂದು ತಲೆ ನೆಟ್ಟಗೆ ಮಾಡಿಕೊಂಡೇ ಸ್ತೆಲಿಯಾನ ಹೋದಳು. ಮೊದಲ ಸಾಲು: ಬುರ್ಚಾ ಸ್ತೆಲಿಯಾನ, ಆಯ್ಕೆಯಾಗಿದ್ದಾರೆ.

ಮೂರು ಸಲ ಓದಿದಳು. ಹಿಂದಿನಿಂದ ಯಾರೋ ಅವಳನ್ನು ತಬ್ಬಿಕೊಂಡರು. ಸಾಫ್ತಾ ಅತ್ತೆ. ಅವಳ ಹಿಂದೆ ತೊಮಾ ಮಾವ. ಅವನ ಹಿಂದೆ ಕಲ್ಲಂಗಡಿ ವ್ಯಾಪಾರ ಬಿಟ್ಟು ಓಡಿಬಂದ ಇಲಾರಿಯೆ.

"ನಮ್ಮ ಪಾದ್ರಿಗಳ ಮಾತು ನಡೀತು ನೋಡು," ಎಂದಳು ಸಾಫ್ತಾ ಅತ್ತೆ ಕಣ್ಣೊರೆಸಿಕೊಂಡು. "ನಾನೇ ಹೋಗಿ ಕಾಲು ಹಿಡಿದು ಅವರ ಕೈಲಿ ಫೋನ್ ಮಾಡಿಸ್ದೆ. ಅವರ ಹೆಂಡತಿ ಕೈಲೂ ಒಂದು."

"ಪಾದ್ರಿ ಮಾತೆಲ್ಲಿ ಬಂತು," ಎಂದ ತೊಮಾ ಮಾವ. "ನಾನು ಸೈನ್ಯದಲ್ಲಿದ್ದಾಗಿನ ನನ್ನ ಕರ್ನಲ್ ಮಾತು ಅದು. ಜಿಲ್ಲಾ ಕೇಂದ್ರದಿಂದ ಮಾಡಿದ್ರು. ಅಂಚೆ ಮಾಸ್ತರು ಸಹ."

ಇಲಾರಿಯೆ ನೆಲ ನೋಡಿದ. "ನಾನು ದನದ ಡಾಕ್ಟರಿಗೆ ಹೇಳಿದ್ದೆ. ಅವರೂ ಫೋನ್ ಮಾಡಿದ್ರು, ಅವರ ಭಾಮೈದನ ಕೈಲೂ ಮಾಡಿಸಿದ್ರು. ಮತ್ತೆ ನಮ್ಮಪ್ಪ. ನಿನಗೆ ಹೇಳಿದ್ರೆ ತಲೆ ಒಡೀತಿದ್ದೆ, ಅದಕ್ಕೇ..."

ಸ್ತೆಲಿಯಾನ ಬೆರಳು ಮಡಚಿದಳು. ಪಾದ್ರಿ, ಪಾದ್ರಿಯ ಹೆಂಡತಿ, ಕರ್ನಲ್, ಅಂಚೆ ಮಾಸ್ತರು, ದನದ ಡಾಕ್ಟರ್, ಅವನ ಭಾಮೈದ, ಮಾವ. ಇನ್ನೊಂದು ಕೈಯಲ್ಲಿ ಎರಡು ಬೆರಳು ಮಡಚಿಕೊಂಡಿದ್ದವು. ಮೂಗು ಸೊಟ್ಟಗಿದ್ದ, ಕಾರಿದ್ದ ಆ ಹೆಂಗಸು ಬೂದು ಲಂಗ ಉಟ್ಟು ಮೇಯರ್ ಕಚೇರಿಯ ಬಾಗಿಲಲ್ಲಿ ನಿಂತಿದ್ದಳು. ಬೆಳಗಿನಿಂದ ಬೈದ ಬೈಗುಳವೆಲ್ಲ ವಿಳಾಸ ಹುಡುಕಿಕೊಂಡು ಬಂದು ತಲುಪಿತ್ತು.

ವಿಯೊರಿಕಾ ಮೇಡಂ ಮೆಟ್ಟಿಲಿಳಿದು ಬಂದು ಮೆಲ್ಲಗೆ ಹೇಳಿದಳು: "ನಿಮಗ್ಯಾಕೆ ರೀ ಬೇಕಿತ್ತು ಈ ಫೋನೆಲ್ಲ? ನಲವತ್ತಕ್ಕೆ ನಲವತ್ತು ಬರೆದಿದ್ರಿ. ಆ ಹುಡುಗಿಗೆ ಬಂದದ್ದು ಹದಿನೈದು, ಇನ್ನಷ್ಟು ಅಂಕ ಕೊಡೋಣ ಅಂತ ಅಷ್ಟೊತ್ತು ಕೇಳಿದ್ರೂ ಬಾಯಿ ಬಿಡಲಿಲ್ಲ. ನೀವು ಹಾಗೇ ಬಂದಿದ್ರೂ ಕೆಲಸ ನಿಮ್ಮದೇ."

ತನ್ನ ತಲೆಯಿಂದಲೇ ಗೆದ್ದಿದ್ದಳು. ಇನ್ನು ಮೇಲೆ ಜಗತ್ತಿನಲ್ಲಿ ಯಾರೂ ನಂಬಲಾರದ ಮಾತು ಅದೊಂದೇ.

ಅವಳು ತನ್ನನ್ನು ತಬ್ಬಿದ್ದ ಕೈಗಳಿಂದ ಬಿಡಿಸಿಕೊಂಡು ಕಿಟಕಿಗೆ ಓಡಿದಳು.

"ಜಾಂಫಿರಾ, ಆ ಹಾಳೆ ವಾಪಸ್ ಕೊಡು."

"ನಂಬರ್ ಬಿದ್ದಿದೆ ಅಕ್ಕಾ. ನಂಬರ್ ಬಿದ್ದದ್ದು ಮೇಯರೇ ಕೇಳಿದ್ರೂ ವಾಪಸ್ ಬರಲ್ಲ. ಜಿಲ್ಲೆ ಸಾಹೇಬ್ರು ಓದಿಯಾಯ್ತು. ತಮಗೆ ಪೆನ್ಷನ್ನಿಗೆ ಹನ್ನೊಂದೇ ತಿಂಗಳು ಇರೋದು, ಏಳು ಫೋನೂ ಒಂದು ದೂರೂ ಒಟ್ಟಿಗೆ ತಡ್ಕೊಳೋಕೆ ಆಗಲ್ಲ ಅಂತ ಪರೀಕ್ಷೆ ರದ್ದು ಮಾಡಿ ಸಹಿ ಹಾಕಿ ಹೋದ್ರು. ನೀವು ಕೇಳ್ದಂಗೇ ಆ ಹೆಂಗಸನ್ನ ಮುಂದಿನ ಪರೀಕ್ಷೆಗೂ ಸೇರಿಸಲ್ವಂತೆ."

ಹೊರಗೆ ಯಾರೋ ಪಟ್ಟಿಯನ್ನು ಬಾಗಿಲಿನಿಂದ ಹರಿದು ತೆಗೆಯುತ್ತಿದ್ದ ಸದ್ದು ಕೇಳಿಸಿತು.

"ವಿಚಾರಣೆ ಸೋಮವಾರ. ಇದನ್ನೊಂದು ತುಂಬಿಬಿಡಿ," ಎಂದು ಜಾಂಫಿರಾ ಬೀಜದ ಸಿಪ್ಪೆ ಊದಿ ಒಂದು ಫಾರಂ ತಳ್ಳಿದಳು.

ಮೇಲಿನ ಸಾಲು: ದೂರು ಕೊಟ್ಟವರ ಹೆಸರು, ವಿಳಾಸ. ಸ್ತೆಲಿಯಾನ ಬರೆದಳು. ಕೆಳಗಿನ ಸಾಲು: ಯಾರ ಪರವಾಗಿ ವಶೀಲಿ ನಡೆಯಿತೋ ಅವರ ಹೆಸರು, ವಿಳಾಸ. ಸುಳ್ಳು ಬರೆಯುವ ಅಭ್ಯಾಸ ಇರಲಿಲ್ಲ. ಅಲ್ಲಿಯೂ ಅದನ್ನೇ ಬರೆದಳು, ಅಷ್ಟೇ ಒತ್ತಿ, ಅಷ್ಟೇ ಸಿಟ್ಟಿನಿಂದ.

ಜಾಂಫಿರಾ ಎರಡು ಸಾಲನ್ನೂ ಬೆರಳಿಟ್ಟು ಓದಿದಳು. ಮುದ್ರೆ ಹೊಡೆದಳು.

"ಒಂಬತ್ತು ಗಂಟೆಗೆ ಬನ್ನಿ," ಎಂದಳು. "ಆದ್ರೆ ನಿಯಮ ಇದೆ ಅಕ್ಕಾ. ದೂರು ಕೊಟ್ಟೋರೂ ಆರೋಪಿನೂ ಬೇರೆ ಬೇರೆ ಬೆಂಚಲ್ಲಿ ಕೂರ್ಬೇಕು."