ಲಿಲ್ಲಿಯ ಹೊಲಿಗೆ ತರಗತಿಗೆ ನಾನು ಬರೆದ ವರದಿ

ಆ ಶನಿವಾರ ಸಂಜೆ ನಾನು ಬಟಾಣಿ ಸುಲಿಯುತ್ತಿದ್ದೆ. ಎದುರಿಗೆ ನನ್ನ ಹೆಂಡತಿ ಲಿಲ್ಲಿ ಕನ್ನಡಕವನ್ನು ಹಣೆಗೇರಿಸಿಕೊಂಡು ಒಂದು ಫಾರಂ ನೋಡುತ್ತಾ ಕೂತಿದ್ದಳು. ನಮ್ಮ ಚರ್ಚಿನ ಹಿಂದಿನ ಹಾಲ್‌ನಲ್ಲಿ ಒಂಬತ್ತು ವರ್ಷದಿಂದ ಅವಳು ಹೆಂಗಸರಿಗೆ ಹೊಲಿಗೆ ಕಲಿಸುತ್ತಿದ್ದಳು. ಅಲ್ಲಿದ್ದ ಆರು ಮೆಷಿನ್ನುಗಳು ಊರಾಚೆಯ ಒಂದು ಕಂಪನಿಯವು. ಇಷ್ಟು ವರ್ಷ ಏನೂ ಕೇಳದ ಕಂಪನಿ ಈಗ ಒಮ್ಮೆಲೇ ಕೇಳಿತ್ತು: ಈ ಯೋಜನೆಯಿಂದ ಬಂದ, ಅಳೆಯಬಹುದಾದ ಫಲಿತಾಂಶ ಏನು? ನಮ್ಮ ವ್ಯವಹಾರದ ಮೇಲೆ ಅದರ ಪರಿಣಾಮ ಏನು? ಉತ್ತರ ಒಪ್ಪಿಗೆಯಾದರೆ ತರಗತಿ ಮುಂದುವರಿಯುತ್ತದೆ. ಇಲ್ಲದಿದ್ದರೆ ಮೆಷಿನ್ನುಗಳು ವಾಪಸ್.

“ರೀ, ಇದಕ್ಕೆಲ್ಲ ಏನು ಬರೀಲಿ?” ಎಂದಳು.

“ಅರ್ಧ ಗಂಟೆ ಕೆಲಸ ಕಣೇ. ನನಗೆ ಬಿಡು.”

ಬಿಟ್ಟಳು. ಮಾರನೆಯ ಬೆಳಿಗ್ಗೆ ಚರ್ಚಿನ ಪೂಜೆಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದವಳು ಸುಸ್ತು ಎಂದು ಮಂಚದ ಮೇಲೆ ಕೂತಳು. ಮತ್ತೆ ಏಳಲಿಲ್ಲ. ಹೃದಯ ನಿಂತಿತು ಎಂದರು ಡಾಕ್ಟರು. ಬಟಾಣಿ ಪಲ್ಯ ಪಾತ್ರೆಯಲ್ಲಿ ಹಾಗೇ ಇತ್ತು.

ನಲವತ್ತನೆಯ ದಿನದ ಪೂಜೆ ಮುಗಿದ ಮೇಲೆ ನಾನು ಫಾರಂ ಕೈಗೆತ್ತಿಕೊಂಡೆ. ಅವಳು ಬಿಟ್ಟು ಹೋದದ್ದರಲ್ಲಿ ನನಗೆ ಮಾಡಲು ಬರುವಂಥದ್ದು ಅದೊಂದೇ ಎಂದು ನನ್ನ ನಂಬಿಕೆ. ನಾನು ಕಾಲೇಜೊಂದರ ಪ್ರಯೋಗಾಲಯದಲ್ಲಿ ಮೂವತ್ತನಾಲ್ಕು ವರ್ಷ ಅಟೆಂಡರ್ ಆಗಿದ್ದವನು. ಅಲ್ಲಿನ ದಾಸ್ತಾನು ಪುಸ್ತಕ ನನ್ನ ಕೈಯಲ್ಲಿತ್ತು. ವರ್ಷದ ಮೊದಲಿಗೆ ಇದ್ದ ಗಾಜಿನ ಕೊಳವೆ ಎಷ್ಟು, ಕಡಿಮೆಯಾದದ್ದು ಎಷ್ಟು, ಉಳಿದದ್ದು ಎಷ್ಟು. ಒಂದೇ ಒಂದು ಚಿತ್ತು ಇಲ್ಲ. ತಪಾಸಣೆಗೆ ಬಂದ ಅಧಿಕಾರಿಗಳು ಪುಸ್ತಕ ನೋಡಿ, ನನ್ನನ್ನೂ ಒಮ್ಮೆ ನೋಡಿ, ಕಾಫಿ ಕುಡಿದು ಹೋಗುತ್ತಿದ್ದರು. ಅಂಥವನಿಗೆ ಒಂದು ಹೊಲಿಗೆ ತರಗತಿ ಯಾವ ಲೆಕ್ಕ!

ಮೊದಲು ಹಾಜರಿ ಪುಸ್ತಕ ತೆರೆದೆ. ಲಿಲ್ಲಿಯ ಪದ್ಧತಿ ಹೀಗಿತ್ತು: ಒಬ್ಬ ಹೆಂಗಸು ಯಾರನ್ನೂ ಕೇಳದೆ ಲೈನಿಂಗ್ ಬ್ಲೌಸ್ ಕತ್ತರಿಸಿ ಹೊಲಿದು ಮುಗಿಸಿದ ದಿನ, “ನಿಂದು ಆಯ್ತು, ಜಾಗ ಬಿಡು, ಇನ್ನೊಬ್ಬಳು ಕೂರಲಿ” ಎಂದು ಎಬ್ಬಿಸಿ, ಹೆಸರಿನ ಮೇಲೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದಳು. ಒಂಬತ್ತು ವರ್ಷದಲ್ಲಿ ನೂರಕ್ಕೂ ಮೇಲೆ ಹೆಸರುಗಳು. ಕೆಂಪು ಗೆರೆ ಇಲ್ಲದವು ಎಂಟು. ಫಾರಂನಲ್ಲಿ ‘ತರಗತಿ ಬಿಟ್ಟವರು’ ಎಂಬ ಒಂದು ಕಲಂ ಇತ್ತು. ಯಾಕೆ ಬಿಟ್ಟರು ಎಂಬುದಕ್ಕೆ ಕಲಂ ಇರಲಿಲ್ಲ. ದಾಸ್ತಾನಿನ ಧರ್ಮ ಒಂದೇ: ಕಡಿಮೆಯಾದದ್ದು ಕಡಿಮೆಯಾದದ್ದೇ. ಎಂಟು ಜನರನ್ನು ಉಳಿಸಿ ಮಿಕ್ಕವರನ್ನೆಲ್ಲ ಆ ಕಲಮಿಗೆ ಸೇರಿಸಿದೆ. ಕೂಡಿಸಿ ಕಳೆದು ನೋಡಿದೆ. ತಾಳೆಯಾಯಿತು. ಬಹಳ ದಿನಗಳ ಮೇಲೆ ಒಂದು ಸಣ್ಣ ಸಮಾಧಾನ.

ಮುಂದಿನದು ‘ಫಲಾನುಭವಿಗಳ ಸ್ಥಿತಿಯಲ್ಲಿ ಸುಧಾರಣೆ’. ಬಹಳ, ಸ್ವಲ್ಪ, ಇಲ್ಲ. ಇದನ್ನು ಊಹಿಸಿ ಬರೆಯುವವನು ನಾನಲ್ಲ. ಹಳೆಯ ವಿದ್ಯಾರ್ಥಿನಿಯರಿಗೆಲ್ಲ ಹೇಳಿ ಕಳಿಸಿದೆ. ಒಂದು ಮಂಗಳವಾರ ಮಧ್ಯಾಹ್ನ ಮೂವತ್ತು ಜನ ಹಾಲ್‌ಗೆ ಬಂದರು. ಕೆಲವರು ಲಿಲ್ಲಿಯ ಫೋಟೋಗೆ ಮಲ್ಲಿಗೆ ತಂದಿದ್ದರು. ನಾನು ಅವಳು ಬಟ್ಟೆ ಕತ್ತರಿಸುತ್ತಿದ್ದ ಮೇಜಿನ ಹಿಂದೆ ಕುರ್ಚಿ ಹಾಕಿಸಿ, ರೂಲ್ ಎಳೆದ ಹಾಳೆಯಿಟ್ಟುಕೊಂಡು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿದೆ.

ಮೊದಲು ಎದ್ದು ಬಂದವಳು ಶಿವಮ್ಮ. ಲಷ್ಕರ್ ಮೊಹಲ್ಲಾದವಳು, ಲಿಲ್ಲಿಯ ಮೊದಲ ತಂಡದವಳು. ತರಗತಿಯಿಂದ ನಿಮ್ಮ ಸ್ಥಿತಿ ಸುಧಾರಿಸಿದೆಯೇ ಎಂದು ಎಲ್ಲರಿಗೂ ಕೇಳುವಂತೆ ಓದಿದೆ. ಅವಳು ಹಿಂದೆ ತಿರುಗಿ ಅಷ್ಟೂ ಮುಖಗಳನ್ನು ನೋಡಿ, ಸೆರಗು ಎಳೆದುಕೊಂಡು, “ಏನೈತೆ ಬುಡಿ ಸಾರ್, ಎಂಗೋ ನಡೀತಾ ಐತೆ” ಎಂದಳು.

‘ಇಲ್ಲ’ ಎಂದು ಬರೆದೆ.

ಆಮೇಲೆ ಬಂದವರೆಲ್ಲ ಶಿವಮ್ಮನ ಕಡೆ ಒಮ್ಮೆ ನೋಡಿ ಅದೇ ಉತ್ತರ ಕೊಟ್ಟರು. ಒಬ್ಬಳು ಬಾಯಿ ತಪ್ಪಿ ಸ್ವಲ್ಪ ಪರವಾಗಿಲ್ಲ ಎಂದವಳು, ಪಕ್ಕದವಳು ತಿವಿದ ಕೂಡಲೇ ತಿದ್ದಿಕೊಂಡಳು. ನಾನೂ ತಿದ್ದಿಕೊಂಡೆ. ಮೂವತ್ತು ‘ಇಲ್ಲ’ಗಳು. ಪ್ರತಿಯೊಂದರ ಮುಂದೆಯೂ ಸಹಿ. ನನಗೇನೂ ಅನುಮಾನ ಬರಲಿಲ್ಲ. ಮನೆಯಲ್ಲಿ ಲಿಲ್ಲಿಯಿಲ್ಲದ ಖಾಲಿತನ ಇಟ್ಟುಕೊಂಡವನಿಗೆ ಜಗತ್ತಿನಲ್ಲಿ ಏನೂ ಸುಧಾರಿಸಿಲ್ಲ ಎಂಬ ಸುದ್ದಿ ಸಹಜವಾಗಿಯೇ ಕೇಳಿಸಿತು.

ಕೊನೆಯದು ಕಂಪನಿಯ ವ್ಯವಹಾರದ ಮೇಲಿನ ಪರಿಣಾಮ. ಬಹಳ ಯೋಚಿಸಿದೆ. ಕಂಪನಿಯವರು ಹೆಸರು ಬರೆಸಿ ಕೊಟ್ಟಿದ್ದ ದೊಡ್ಡ ಬ್ಯಾನರನ್ನು ಲಿಲ್ಲಿ ಆರು ತುಂಡು ಮಾಡಿ ಮೆಷಿನ್ನುಗಳಿಗೆ ಹೊದಿಕೆ ಹೊಲಿದಿದ್ದಳು. ಅದನ್ನೇ ಬರೆದೆ: ‘ತಮ್ಮ ಕಂಪನಿಯ ಹೆಸರು ಒಂಬತ್ತು ವರ್ಷದಿಂದ ಮೆಷಿನ್ನುಗಳನ್ನು ಧೂಳಿನಿಂದ ಕಾಪಾಡುತ್ತಾ ಬಂದಿದೆ. ಅಕ್ಷರಗಳು ಒಳಮುಖವಾಗಿರುವುದರಿಂದ ಮಾಸಿಲ್ಲ.’ ಸತ್ಯ, ಸಂಕ್ಷಿಪ್ತ, ವಿನಯಪೂರ್ವಕ. ಮೂರು ಪ್ರತಿ ಮಾಡಿಸಿ, ಒಂದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ. ಒಂದನ್ನು ಲಿಲ್ಲಿಯ ಫೋಟೋ ಮುಂದೆ ಇಟ್ಟೆ. ಅವಳು ನಗುತ್ತಿದ್ದಳು. ಫೋಟೋದಲ್ಲಿ ಯಾವಾಗಲೂ ನಗುತ್ತಿರುತ್ತಾಳೆ, ಅದನ್ನು ಒಪ್ಪಿಗೆ ಎಂದು ದಾಖಲಿಸುವಂತಿಲ್ಲ.

ಹತ್ತು ದಿನಕ್ಕೆ ಕಂಪನಿಯಿಂದ ಕಾವ್ಯ ಎಂಬ ಹುಡುಗಿ ಬಂದಳು. ಒಳ್ಳೆಯ ಹುಡುಗಿ. ಲಿಲ್ಲಿಯ ಫೋಟೋಗೆ ಕೈ ಮುಗಿದು, ನನ್ನ ವರದಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

“ಅಂಕಲ್, ಇದರ ಪ್ರಕಾರ ಕಲಿಯೋಕೆ ಬಂದೋರಲ್ಲಿ ಎಂಟು ಜನ ಉಳಿದು ಮಿಕ್ಕೋರೆಲ್ಲ ಬಿಟ್ಟು ಹೋಗಿದಾರೆ. ಒಬ್ಬರಿಗೂ ಉಪಯೋಗ ಆಗಿಲ್ಲ. ಇದನ್ನ ನಾನು ಮೇಲಕ್ಕೆ ಕಳಿಸಿದ್ರೆ ಏನಾಗುತ್ತೆ ಗೊತ್ತಾ? ಬೇರೆ ಥರ ಬರ್ಕೊಡಿ. ನಾನು ಕಾಯ್ತೀನಿ.”

ಬುದ್ಧಿ ಇದ್ದವನು ಆ ಮಗುವಿನ ಕೈಗೆ ಒಂದು ಲೋಟ ಕಾಫಿ ಕೊಟ್ಟು ಪೆನ್ನು ಹುಡುಕುತ್ತಿದ್ದ. ನಾನು ಬೆನ್ನು ನೆಟ್ಟಗೆ ಮಾಡಿದೆ. ಸಹಿಯಾದ ದಾಖಲೆಯನ್ನು ನಾನು ಇವತ್ತಿನವರೆಗೆ ತಿದ್ದಿದವನಲ್ಲ, ನನ್ನ ಹೆಂಡತಿಯ ಹೆಸರಿನಲ್ಲಿ ಸುಳ್ಳು ಬರೆಯುವವನೂ ಅಲ್ಲ ಎಂದು ಘೋಷಿಸಿದೆ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ಅವಳು ಕ್ಷಮೆ ಕೇಳಿದಳು.

ಆದರೂ ಪಾಪ, ಹಾಲ್‌ಗೆ ಬಂದು, ಲಿಲ್ಲಿ ಹೋದಾಗ ಇನ್ನೂ ಕಲಿಯುತ್ತಿದ್ದ ಎಂಟು ಜನರನ್ನು ಕರೆಸಿ ತಾನೇ ವಿಚಾರಿಸಿದಳು. ಕಷ್ಟ ಇರುವ ಕಡೆಗೇ ಕಂಪನಿ ಕೊಡುವುದು ಎಂದು ಆ ಹೆಂಗಸರ ಲೆಕ್ಕ. ಒಬ್ಬಳ ಗಂಡನ ಕುಡಿತವನ್ನು ಇನ್ನೊಬ್ಬಳ ಅತ್ತೆಯ ಮಂಡಿನೋವು ಮೀರಿಸಿತು, ಅದನ್ನು ಮೂರನೆಯವಳ ಸೋರುವ ಸೂರು. ಮೆಷಿನ್ ತುಳಿದು ತುಳಿದು ಕಾಲು ಹೋಯಿತು ಎಂದು ಒಬ್ಬಳು ಕಣ್ಣೀರನ್ನೂ ತಂದುಕೊಂಡಳು. ಅವಳು ತರಗತಿಯಲ್ಲಿ ಕಲಿತದ್ದು ಒಟ್ಟು ಮೂರೇ ವಾರ. ಕಾವ್ಯ ಬರೆದುಕೊಳ್ಳುವುದನ್ನು ನಿಲ್ಲಿಸಿದಳು.

ಮುಂದಿನ ತಿಂಗಳು ಪತ್ರ ಬಂತು. ಯೋಜನೆಯ ಪರಿಣಾಮ ಕಂಡುಬಂದಿಲ್ಲ. ಪತ್ರದ ಹಿಂದೆಯೇ ಟೆಂಪೋ ಬಂತು. ಆರೂ ಮೆಷಿನ್ನುಗಳನ್ನು ನಾನೇ ಒರೆಸಿ, ಎಣ್ಣೆ ಬಿಟ್ಟು, ಎಲ್ಲವೂ ಸುಸ್ಥಿತಿಯಲ್ಲಿವೆ ಎಂದು ಬರೆಸಿ ಡ್ರೈವರನ ಸಹಿ ತೆಗೆದುಕೊಂಡೆ. ಇದ್ದದ್ದು ಆರು, ಕಡಿಮೆಯಾದದ್ದು ಆರು, ಉಳಿದದ್ದು ಸೊನ್ನೆ. ಆ ಸಲವೂ ತಾಳೆಯಾಯಿತು.

ತರಗತಿ ನಿಂತ ಸುದ್ದಿಯನ್ನು ಹೇಳಲು ಶಿವಮ್ಮನ ಮನೆ ಹುಡುಕಿಕೊಂಡು ಹೋದೆ. ಒಂಬತ್ತು ವರ್ಷದಲ್ಲಿ ಇವರಲ್ಲಿ ಒಬ್ಬರ ಮನೆಗೂ ನಾನು ಹೋದವನಲ್ಲ. ಸಂದಿಯೊಳಗಿನ ಮನೆ. ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿತ್ತು. ಒಳಗೆ ಮೂರು ಮೆಷಿನ್ನುಗಳು ಓಡುತ್ತಿದ್ದವು. ಎರಡರ ಮುಂದೆ ಕೆಂಪು ಗೆರೆಯ ಇಬ್ಬರು. ಗೋಡೆಯುದ್ದಕ್ಕೂ ಹಗ್ಗದ ಮೇಲೆ ಮದುವೆ ಮನೆಯೊಂದರ ರೇಷ್ಮೆ ಬ್ಲೌಸುಗಳು. ನಡುವೆ ಇಸ್ತ್ರಿ ಪೆಟ್ಟಿಗೆ ಹಿಡಿದು ಶಿವಮ್ಮ.

ನಾನು ಬಾಗಿಲಲ್ಲೇ ನಿಂತು, “ಏನೂ ಇಲ್ಲ ಅಂದಿರಲ್ಲಮ್ಮ” ಎಂದೆ.

“ಅಷ್ಟು ಜನದ ಮುಂದೆ ಚೆನ್ನಾಗಿವ್ನಿ ಅಂತ ಯಾರಾದ್ರೂ ಅಂತಾರಾ ಸಾರ್? ಕಣ್ಣು ಬೀಳಲ್ವಾ? ಟೀಚರಮ್ಮ ಒಂದ್ ದಿನಾನೂ ಕೇಳ್ದೋರಲ್ಲ. ಬುಧ್ವಾರ ಬರೋರು, ಟೀ ಕುಡಿಯೋರು, ಎಲ್ಲಾ ನೋಡ್ಕಂಡು ಓಗೋರು. ನೀವು ಕಾಗ್ದ ಇಟ್ಕಂಡು ಕೂತ್ಬುಟ್ರಿ.”

ಬುಧವಾರ ಮಧ್ಯಾಹ್ನ ಲಿಲ್ಲಿ ಜಪಮಾಲೆ ಪ್ರಾರ್ಥನೆಗೆ ಹೋಗುತ್ತಾಳೆ ಎಂದುಕೊಂಡಿದ್ದೆ. ಎಲ್ಲಿಗೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಗಾಜಿನ ಕೊಳವೆಗಳನ್ನು ಒಂದೊಂದಾಗಿ ಎಣಿಸಿದವನು ಮನೆಯೊಳಗಿನ ಒಬ್ಬಳ ವಾರದ ಏಳು ದಿನಗಳನ್ನು ಎಣಿಸಿರಲಿಲ್ಲ.

ಮೆಷಿನ್ನುಗಳು ಹೋದವು ಎಂದು ಹೇಳಿದೆ. ಶಿವಮ್ಮ ಇಸ್ತ್ರಿಯ ಸ್ವಿಚ್ ಆರಿಸಿ ನೆಲದ ಮೇಲೆ ಕೂತುಬಿಟ್ಟಳು. “ನಾನು ಒಂದ್ಮಾತು ಏಳ್ಬುಡ್ಬೇಕಿತ್ತು” ಎಂದಳು. ನಾನು ಅವಳ ಮನೆಯಿಂದಲೇ ಕಾವ್ಯಳಿಗೆ ಫೋನ್ ಮಾಡಿ, ಕಣ್ಣಾರೆ ಕಂಡದ್ದನ್ನೆಲ್ಲ ಒದರಿದೆ. ಅವಳು ಮೃದುವಾಗಿ, ಫೈಲು ಮುಗಿದಿದೆ, ಆದರೂ ಬರವಣಿಗೆಯಲ್ಲಿ ಸಹಿ ಸಮೇತ ಏನಾದರೂ ಇದೆಯೇ ಅಂಕಲ್ ಎಂದು ಕೇಳಿದಳು. ಶಿವಮ್ಮನ ಸಹಿ ಇತ್ತು. ನಾನೇ ಹಾಕಿಸಿದ್ದು, ಮೂರು ಪ್ರತಿಯಲ್ಲಿ.

ಈಗ ಬುಧವಾರಗಳಲ್ಲಿ ನಾನು ಅವರ ಮನೆಗಳಿಗೆ ಹೋಗುತ್ತೇನೆ. ಏನೂ ಕೇಳುವುದಿಲ್ಲ. ಟೀ ಕೊಡುತ್ತಾರೆ, ಕುಡಿಯುತ್ತೇನೆ. ಬ್ಲೌಸು ತಿರುಗಿಸಿ ನೋಡಿ ತಲೆಯಾಡಿಸುತ್ತೇನೆ. ಮೊನ್ನೆ ಬ್ಲೌಸೆಂದು ಬಹಳ ಹೊತ್ತು ಮೆಚ್ಚಿಕೊಂಡದ್ದು ದಿಂಬಿನ ಚೀಲವಂತೆ. ಕಲಿಕೆ ಅರ್ಧಕ್ಕೇ ನಿಂತುಹೋದ ಎಂಟು ಜನರಲ್ಲಿ ಇಬ್ಬರನ್ನು ಶಿವಮ್ಮ ಕರೆದುಕೊಂಡಳು. ಮಿಕ್ಕವರಿಗೆ ಅಲ್ಲಿ ಜಾಗವಿಲ್ಲ. ಹಾಲ್‌ಗೆ ಬೀಗ ಹಾಕಿದೆ. ಆರು ಜನ ಇನ್ನೂ ಬ್ಲೌಸಿಗೆ ತೋಳು ಕೂರಿಸುವುದನ್ನು ಕಲಿತಿಲ್ಲ. ಹೇಳಿಕೊಡಲು ಲಿಲ್ಲಿ ಇಲ್ಲ.