ನಲವತ್ತೊಂದನೇ ವಸ್ತುವನ್ನು ಎರವಲು ಕೊಡುವ ಕುರಿತು

ನಗರ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಮೊಣಕಾಲುದ್ದ ನೀರು ನಿಂತಿದ್ದು, ಸದರಿ ನೀರು ಸಂಸ್ಥೆಯ ಯಾವುದೇ ನಿಯಮವನ್ನು ಉಲ್ಲಂಘಿಸದೆ ಒಳಬಂದಿದೆ ಎಂದು ಈ ಮೂಲಕ ದೃಢೀಕರಿಸಲಾಗಿದೆ. ದೃಢೀಕರಿಸಿದವರು ಕ್ಯುರೇಟರ್ ಸಾಹೇಬರು. ಪ್ರದರ್ಶನ, ಶಾಲೆಗಳ ಕಾರ್ಯಕ್ರಮ, ಕಟ್ಟಡದ ದುರಸ್ತಿ ಮೂರೂ ಅವರ ತಲೆಯ ಮೇಲೇ ಇದ್ದುದರಿಂದ, ಯಾರನ್ನಾದರೂ ಬೈಯಬೇಕೆನಿಸಿದಾಗ ಅವರು ಕನ್ನಡಿಯ ಮುಂದೆ ನಿಲ್ಲಬೇಕಾಗುತ್ತಿತ್ತು.

ಪೈಪು ಒಡೆದದ್ದು ಮಂಗಳವಾರ ಬೆಳಿಗ್ಗೆ. ಪ್ಲಂಬರ್ ಬಂದ, ಪ್ಯಾಂಟು ಮಡಚಿ ಕೆಳಗಿಳಿದ, ಮೇಲೆ ಬಂದು ಹೇಳಿದ:

“ಪೈಪ್ ಹಾಕೋದು ಅರ್ಧ ಗಂಟೆ ಕೆಲಸ ಸಾರ್. ಮೊದಲು ಅಂಗಳದ ಮೇನ್ ವಾಲ್ವ್ ಮುಚ್ಚಬೇಕು. ಹಳೇ ವಾಲ್ವು, ಗುಂಡಿ ಒಳಗಿದೆ. ಅದಕ್ಕೆ ಅಂತಲೇ ಒಂದು ಉದ್ದನೆ ಕೀಲಿ ಇರುತ್ತೆ, ಕೊಡಿ.”

“ಅಂಥದ್ದು ನಮ್ಮಲ್ಲಿಲ್ಲಪ್ಪ.”

ಪ್ಲಂಬರ್ ತಾನೇ ಹುಡುಕಲು ಹೊರಟ. ಮುಖ್ಯ ಹಾಲಿನ ನಡುವೆ, ಗಾಜಿನ ಪೆಟ್ಟಿಗೆಯ ಮುಂದೆ ಗಕ್ಕನೆ ನಿಂತ.

“ಇಲ್ಲೇ ಇದೆಯಲ್ಲ ಸಾರ್! ದೀಪ ಬೇರೆ ಹಾಕಿದ್ದೀರಿ.”

ಪೆಟ್ಟಿಗೆಯಲ್ಲಿದ್ದದ್ದು ನಲವತ್ತೊಂದನೇ ವಸ್ತು: ಮೂರಡಿ ಉದ್ದದ ಕಬ್ಬಿಣದ ಸರಳು, ಮೇಲೆ ಅಡ್ಡ ಹಿಡಿ, ಕೆಳಗೆ ಚೌಕಾಕಾರದ ತೂತು. ಪಕ್ಕದ ಫಲಕದಲ್ಲಿ ‘ರಾಜದಂಡ’ ಎಂದಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ, ಉದ್ಘಾಟನೆಯ ಮುನ್ನಾದಿನ ಒಂದು ಪೆಟ್ಟಿಗೆ ಖಾಲಿ ಉಳಿದಿತ್ತು. ಕ್ಯುರೇಟರ್ ಸಾಹೇಬರಿಗೆ ಮೆಟ್ಟಿಲ ಕೆಳಗೆ ಈ ಸರಳು ಸಿಕ್ಕಿತು. ಆಮೇಲೆ ಅದರ ಮೇಲೆ ನೂರೆಂಬತ್ತು ಪುಟದ ಗ್ರಂಥ, ಡಾಕ್ಟರೇಟು, ಬಡ್ತಿ. ಚೌಕದ ತೂತು ನಾಲ್ಕು ದಿಕ್ಕುಗಳ ಮೇಲಿನ ಅಧಿಪತ್ಯವನ್ನು ಸೂಚಿಸುತ್ತದೆಂದು ಅರವತ್ತೆರಡನೇ ಪುಟದಲ್ಲಿದೆ. ಪ್ರತಿವರ್ಷ ನಾನೂರು ಮಕ್ಕಳು ರಟ್ಟಿನ ರಾಜದಂಡ ಮಾಡಿಕೊಂಡು ಒಬ್ಬರನ್ನೊಬ್ಬರು ರಾಜರನ್ನಾಗಿ ಮಾಡಿ ಮನೆಗೆ ಹೋಗುತ್ತಾರೆ.

ಸಾಹೇಬರಿಗೆ ಈ ಅನುಮಾನ ಮೊದಲೇ ಇರಲಿಲ್ಲವೆಂದಲ್ಲ. ‘ಇದನ್ನು ಬರೀ ಉಪಕರಣವೆನ್ನುವವರು ಅಜ್ಞಾನಿಗಳು’ ಎಂದು ನೂರಹದಿನಾಲ್ಕನೇ ಪುಟದಲ್ಲಿ ಅಷ್ಟು ಜೋರಾಗಿ ಬರೆದದ್ದೇ ಅದಕ್ಕೆ.

ಪ್ಲಂಬರ್ ಗಾಜಿಗೆ ಕೈಯಿಟ್ಟು ಮೆಲ್ಲಗೆ ಹೇಳಿದ: “ನಮ್ಮಪ್ಪ ಇಲ್ಲೇ ನಲ್ಲಿ ಕೆಲಸಕ್ಕಿದ್ರು ಸಾರ್. ಕೀಲಿ ಕಳೆದುಹಾಕಿದ ಅಂತ ಕೆಲಸದಿಂದ ತೆಗೆದುಬಿಟ್ರು. ‘ಮೆಟ್ಟಿಲ ಕೆಳಗೇ ಇಟ್ಟಿದ್ದೆ ಕಣೋ’ ಅಂತ ಸಾಯೋವರೆಗೂ ಹೇಳೋರು. ಮನೆಯಲ್ಲಿ ನಾವೂ ನಂಬಲಿಲ್ಲ.”

ತೆಗೆದುಹಾಕಿದ ಆದೇಶಕ್ಕೆ ಯಾರ ಸಹಿ ಇತ್ತೆಂದು ಪ್ಲಂಬರ್ ಕೇಳಲಿಲ್ಲ. ಸಹಿ ಹಾಕಿದವರು ಅಲ್ಲೇ ನಿಂತಿದ್ದರೂ ಹೇಳಲಿಲ್ಲ.

ಬದಲಿಗೆ ಅವರು ಕ್ರಮ ಕೈಗೊಂಡರು. ನಲವತ್ತೊಂದನೇ ವಸ್ತುವನ್ನು ಹತ್ತು ನಿಮಿಷ ಎರವಲು ಕೋರಿ ಸಂಗ್ರಹಾಲಯದ ಪರವಾಗಿ ಸಂಗ್ರಹಾಲಯಕ್ಕೇ ಅರ್ಜಿ ಬರೆದರು. ನಿಯಮ ಒಂಬತ್ತರ ಪ್ರಕಾರ ಎರವಲು ಪಡೆಯುವ ಸಂಸ್ಥೆಯ ಕಟ್ಟಡದಲ್ಲಿ ತೇವವಿರಬಾರದು. ಅರ್ಜಿದಾರರ ನೆಲಮಾಳಿಗೆಯಲ್ಲಿ ನೀರಿರುವುದು ಸ್ಥಳ ಪರಿಶೀಲನೆಯಿಂದ ಕಂಡುಬಂದಿತು. ಅರ್ಜಿಯನ್ನು ಸಾಹೇಬರೇ ವಿಷಾದದಿಂದ ತಿರಸ್ಕರಿಸಿದರು.

ಮನೆಯಲ್ಲಿ ಹೆಂಡತಿ ಕೇಳಿ ನಕ್ಕರು. “ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡಿ ರೀ. ಪ್ರಾಣ ಏನೂ ಹೋಗಲ್ಲ.”

“ಪುಸ್ತಕ ಹೋಗುತ್ತಲ್ಲೇ.”

“ಅದರ ಅರ್ಪಣೆ ನನಗೇ ತಾನೆ? ವಾಪಸ್ ತಗೊಳ್ಳಿ, ನಂಗೇನೂ ಬೇಜಾರಿಲ್ಲ.”

ನಾಚಿಕೆ ತಡೆಯಲಾರದೆ ಸಾಹೇಬರು ಗುರುವಾರ ಆಡಳಿತ ಮಂಡಳಿಯ ಮುಂದೆ ನಿಂತು, ಅದು ವಾಲ್ವಿನ ಕೀಲಿಯೆಂದು ಒಪ್ಪಿಕೊಂಡೇಬಿಟ್ಟರು. ಮಂಡಳಿಯ ಅಧ್ಯಕ್ಷರು ಗ್ರಂಥದ ನೂರಹದಿನಾಲ್ಕನೇ ಪುಟ ತೆರೆದರು.

“ಫಲಕ ತಿದ್ದಬೇಕಾದರೆ ತಜ್ಞರ ಅಭಿಪ್ರಾಯ ಬೇಕು. ಈ ವಿಷಯಕ್ಕೆ ಇರೋ ತಜ್ಞರು ನೀವೊಬ್ಬರೇ. ಉಪಕರಣ ಅನ್ನೋರು ಅಜ್ಞಾನಿಗಳು ಅಂತ ನೀವೇ ಬರೆದಿದ್ದೀರಿ. ಈಗ ನೀವು ಉಪಕರಣ ಅಂತಿದ್ದೀರಿ. ಅಜ್ಞಾನಿಗಳ ಮಾತು ಕೇಳಿ ಫಲಕ ತಿದ್ದೋಕಾಗುತ್ತಾ, ನೀವೇ ಹೇಳಿ?”

ನಿಜ ಹೇಳಬೇಕೆಂದರೆ, ಸಾಹೇಬರಿಗೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಮಂಡಳಿ ನಿರ್ಣಯಿಸಿದ್ದಿಷ್ಟು: ರಾಜದಂಡ ರಾಜದಂಡವೇ. ಹಾಗಾಗಿ ವಾಲ್ವಿನ ಕೀಲಿ ಇನ್ನೂ ಪತ್ತೆಯಾಗಿಲ್ಲ, ಅದನ್ನು ಕಳೆದವರ ಮೇಲಿನ ಆರೋಪವೂ ಹಾಗೇ ಉಳಿದಿದೆ. ನೆಲಮಾಳಿಗೆಯನ್ನು ‘ಜಲ ವಿಭಾಗ’ವೆಂದು ಹೆಸರಿಸಲಾಗಿದೆ, ಪ್ರೇಕ್ಷಕರು ಪ್ಯಾಂಟು ಮಡಚಿಕೊಳ್ಳುವುದು ಕಡ್ಡಾಯ. ಕೀಲಿ ಹುಡುಕಿಕೊಟ್ಟವರಿಗೆ ವರ್ಷವಿಡೀ ಉಚಿತ ಪ್ರವೇಶ.

ಜಲ ವಿಭಾಗಕ್ಕೆ ಜನ ಚೆನ್ನಾಗಿಯೇ ಬಂದರು. ಮಕ್ಕಳಿಗಂತೂ ಹಬ್ಬ. ಪ್ಲಂಬರ್ ಕೂಡ ಪ್ರತಿ ಮಂಗಳವಾರ ಟಿಕೆಟ್ ತೆಗೆದುಕೊಂಡು ಬಂದು ನಲವತ್ತೊಂದನೇ ವಸ್ತುವಿನ ಮುಂದೆ ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ಒಂದು ದಿನ ಸಾಹೇಬರು ಧೈರ್ಯ ಮಾಡಿ ಪಕ್ಕಕ್ಕೆ ಬಂದರು. ಕ್ಷಮಿಸಪ್ಪ ಎನ್ನಬೇಕೆಂದು ಬಾಯಿ ತೆರೆದರು.

ಪ್ಲಂಬರನೇ ಮೊದಲು ಮಾತಾಡಿದ. “ತುದಿಯಲ್ಲಿ ತುಕ್ಕು ಹಿಡಿದಿದೆ ನೋಡಿ ಸಾರ್. ಎಣ್ಣೆ ಹಚ್ತಾ ಇರಿ. ಅಪ್ಪ ವಾರಕ್ಕೊಂದು ಸಲ ತಪ್ಪದೇ ಹಚ್ಚೋರು.”

ಸಾಹೇಬರು ತೆರೆದ ಬಾಯಿ ಮುಚ್ಚಿ ಜೇಬಿನಿಂದ ಪೆನ್ನು ತೆಗೆದರು. ಗ್ರಂಥದ ಎರಡನೇ ಮುದ್ರಣದಲ್ಲಿ ಒಂದು ಸಾಲು ಹೆಚ್ಚಾಗಿದೆ: ‘ರಾಜದಂಡಕ್ಕೆ ವಾರಕ್ಕೊಮ್ಮೆ ತೈಲಾಭಿಷೇಕ ನಡೆಯುತ್ತಿತ್ತೆಂಬುದಕ್ಕೆ ಪಾಲಕರ ವಂಶಸ್ಥರಿಂದಲೇ ಸಾಕ್ಷ್ಯ ದೊರೆತಿದೆ.’